ಹಿಂದಿನ ಸೀಟಿನ ಸ್ವಿಚ್ಚು

ಮೊದಲ ಸುತ್ತಿಗೆ ಅತ್ತೆಯ ಕೈಗೆ ಬಿಳಿ ಗುಂಡಿ ಬಂತು. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಪುಟ್ಟ ಚೀಲದೊಳಗೆ ಬೆರಳಾಡಿಸಿ ತೆಗೆದ ಅದನ್ನು ಮುಷ್ಟಿಯೊಳಗೇ ಇಣುಕಿ ನೋಡಿ, ಸದ್ದಿಲ್ಲದೆ ಕೈಚೀಲಕ್ಕೆ ಇಳಿಸಿದರು. ಬಿಳಿ ಬಂದರೆ ಪಕ್ಕದಲ್ಲಿರುವ ಸ್ವಿಚ್ಚು ಮುಟ್ಟಬಾರದು, ಕಪ್ಪು ಬಂದರೆ ಒತ್ತಬೇಕು. ಚೀಲದಲ್ಲಿ ಎರಡು ಬಿಳಿ, ಎರಡು ಕಪ್ಪು ಅಂಗಿ ಗುಂಡಿಗಳಿದ್ದವು.

"ಆಯ್ತಾ ಅತ್ತೆ?" ಮುಂದಿನಿಂದ ಅಳಿಯ ಕೇಳಿದ, ತಿರುಗಿ ನೋಡದೆ.

"ಆಯ್ತಪ್ಪ. ಹೊರಡಿ."

ಅಳಿಯ ಫ್ರಿಜ್ ರಿಪೇರಿ ಮಾಡುವವನು. ಸತ್ತುಹೋದ ಫ್ರಿಜ್ಜೊಂದರ ಪುಟ್ಟ ಫ್ಯಾನನ್ನು ಬಿಚ್ಚಿ ತಂದು, ಮಾವನ ಹಳೇ ಕಾರಿನ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ ಕೂರಿಸಿದ್ದ. ಗಾಳಿ ಸುಳಿಸುಳಿಯಾಗಿ ಒಳಹೋದರೆ ಪೆಟ್ರೋಲು ಪೂರ್ತಿ ಉರಿಯುತ್ತದೆ, ಕಾರು ಕಡಿಮೆ ಕುಡಿಯುತ್ತದೆ ಎಂಬುದು ಅವನ ವಾದ. ಮೂರು ತಿಂಗಳಿಂದ ಊಟ ನಿದ್ದೆ ಎಲ್ಲಾ ಅದೇ ಆಗಿತ್ತು. ಇವತ್ತು ಸಾಬೀತಾದರೆ ಮಾವ ಮನೆ ಹಿಂದಿನ ಶೆಡ್ಡನ್ನು ಬಿಟ್ಟುಕೊಡಬೇಕು, ತಾನು ಸೋಮವಾರವೇ ಕಂಪನಿ ಕೆಲಸ ಬಿಟ್ಟು ಅಲ್ಲಿ ಫ್ಯಾನು ತಯಾರಿಸಲು ಕೂರಬೇಕು ಎಂದು ಮಾತಾಗಿತ್ತು. ಏಳು ತಿಂಗಳ ಬಸುರಿ ಮಗಳು ಇದಕ್ಕೆ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಜಗಳವಾಡಿದ್ದರೆ ಅತ್ತೆಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸುತ್ತು ಎಂದರೆ ಪೆಟ್ರೋಲ್ ಬಂಕಿನಿಂದ ಹೊಳೆಯ ಸೇತುವೆಗೆ ಹೋಗಿ ಬರುವುದು. ಬಂದ ಮೇಲೆ ಟ್ಯಾಂಕನ್ನು ಅಳತೆ ಜಾಡಿಯಿಂದ ಮತ್ತೆ ಬಾಯಿಮಟ್ಟ ತುಂಬುವುದು. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ ಎಂದು ಲೆಕ್ಕ. ಓಡಿಸುವವರು ಮಾವ. ಅಳಿಯನ ಕಾಲು ಫ್ಯಾನಿನ ಕಡೆ ವಾಲಬಹುದು ಎಂದು ಅಳಿಯನೇ ಹೇಳಿದ್ದ. ಫ್ಯಾನು ಯಾವಾಗ ತಿರುಗುತ್ತಿದೆ ಎಂದು ಮಾವನಿಗೂ ತಿಳಿಯಬಾರದು. ಆ ಗುಟ್ಟು ಕಾಯುವ ಕೆಲಸ ಅತ್ತೆಗೆ ಬಂದದ್ದು ಸುಮ್ಮನೆ ಅಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ಊರಿನ ಅರ್ಧ ಗುಟ್ಟುಗಳು ಅವರ ಕಿವಿಯ ಮೇಲೆ ಹಾದುಹೋಗಿದ್ದವು, ಒಂದೂ ಬಾಯಿಗೆ ಇಳಿದಿರಲಿಲ್ಲ.

ಗುಟ್ಟು ಬಿಟ್ಟು ಉಳಿದದ್ದೆಲ್ಲಾ ಇಳಿಯುತ್ತಿತ್ತು. ಕಾರು ಪೇಟೆ ದಾಟುವಷ್ಟರಲ್ಲಿ ಅತ್ತೆ ಶುರು ಮಾಡಿದರು. ಎದುರುಮನೆಯ ದರ್ಜಿ ತನ್ನ ಮದುವೆಯ ಕೋಟನ್ನೇ ಗಿರಾಕಿಯದೆಂದು ತಿಳಿದು ಗಿಡ್ಡ ಮಾಡಿದ್ದು, ತಂಗಿಯ ಮನೆಯ ಬೆಕ್ಕು ಪಕ್ಕದವರ ಮನೆಯಲ್ಲಿ ಇನ್ನೊಂದು ಹೆಸರಿಟ್ಟುಕೊಂಡು ಬದುಕುತ್ತಿರುವುದು, ಒಂದಾದ ಮೇಲೊಂದು ಬಂತು. ಕಾರಿನಲ್ಲಿ ಮಾತಾಡಕೂಡದು ಎಂಬುದು ಮಾವನ ಕಾನೂನು. ಮೇಲ್ ರೈಲು ಓಡಿಸಿ ನಿವೃತ್ತರಾದವರು ಅವರು. ಎಂಜಿನ್ನಿನಲ್ಲಿ ಹಾಳು ಹರಟೆ ಕೇಳಿ ಅಭ್ಯಾಸವಿಲ್ಲ. ಆದರೆ ಅಳಿಯನ ಎದುರಿಗೆ ಹೆಂಡತಿಗೆ ಬಾಯಿ ಮುಚ್ಚು ಅನ್ನುವುದು ಹೇಗೆ? ಕನ್ನಡಿಯಲ್ಲಿ ಒಮ್ಮೆ ಕಣ್ಣು ಬಿಟ್ಟರು. ಅತ್ತೆ ಕಿಟಕಿಯಾಚೆ ನೋಡುತ್ತಾ ಬೆಕ್ಕಿನ ಕಥೆ ಮುಂದುವರಿಸಿದರು.

ಎರಡನೆಯ ಸುತ್ತಿಗೆ ಕಪ್ಪು ಗುಂಡಿ ಬಂತು. ಅತ್ತೆ ಸ್ವಿಚ್ಚು ಒತ್ತಿದರು. ಪಾಪ, ಹುಡುಗನ ಮೂರು ತಿಂಗಳ ಆಸೆಯೆಲ್ಲಾ ಈ ಪುಟ್ಟ ಸ್ವಿಚ್ಚಿನಲ್ಲಿದೆ. ಅವನು ಗೆದ್ದರೆ ಎಷ್ಟು ಚೆನ್ನ. ಗೆದ್ದು ಕೆಲಸ ಬಿಟ್ಟು ಕೂತರೆ ಮಗಳ ಗತಿ ಏನು? ಗೆಲ್ಲಲಿ ಎಂದು ಹಾರೈಸುತ್ತಾ, ಗೆದ್ದರೆ ಎಂದು ಹೆದರುತ್ತಾ ಅವರು ಸೇತುವೆಯವರೆಗೂ ತುಟಿ ಪಿಟಕ್ಕೆನ್ನಲಿಲ್ಲ. ಬರುವಾಗಲೂ ಅಷ್ಟೆ. ಮೂರನೆಯ ಸುತ್ತಿಗೂ ಕಪ್ಪೇ ಬಂತು, ಅತ್ತೆ ಸ್ವಿಚ್ಚಿನ ಮೇಲೆ ಕೈಯಿಟ್ಟು ಕಲ್ಲಾಗಿ ಕುಳಿತರು. ನಾಲ್ಕನೆಯದಕ್ಕೆ ಬಿಳಿ ಬಂದಾಗ ಜೀವ ಹಗುರವಾಗಿ, ಕಟ್ಟಿಟ್ಟಿದ್ದ ಮಾತೆಲ್ಲಾ ಒಟ್ಟಿಗೆ ಹೊರಬಂತು.

ಬಂಕಿನ ಮೂಲೆಯ ನೆರಳಿನಲ್ಲಿ ಅಳಿಯ ಕೊನೆಯ ಸಲ ಜಾಡಿ ಬಗ್ಗಿಸಿ, ಗೆರೆ ನೋಡಿ, ಎದ್ದು ನಿಂತ.

"ಮಾವ, ನೋಡಿ. ಮೊದಲನೇದು, ನಾಲ್ಕನೇದು ಕಡಿಮೆ ಕುಡಿದಿದೆ. ಮಧ್ಯದ ಎರಡೂ ಜಾಸ್ತಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತೆ."

ಮಾವ ಕನ್ನಡಕ ಮೇಲೇರಿಸಿ ಜಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಷ್ಟು ಸುಲಭವಾಗಿ ಏನನ್ನೂ ಒಪ್ಪುವ ಜನವಲ್ಲ ಅವರು. "ಹೌದಪ್ಪ," ಎಂದರು ಕೊನೆಗೆ. "ಎರಡಕ್ಕೆ ಎರಡು ಸರಿಯಾಗಿ ಬೇರೆಯಾಗಿದೆ. ನಾನಂತೂ ಒಂದೇ ಸಮ ಓಡಿಸಿದ್ದೀನಿ. ಅಂದ್ರೆ ನಿನ್ನ ಫ್ಯಾನು ಕೆಲಸ ಮಾಡುತ್ತೆ. ನಾಳೆಯೇ ಶೆಡ್ ಖಾಲಿ ಮಾಡಿಸ್ತೀನಿ, ಬಿಡು."

ಅಳಿಯನ ಮುಖ ಊರಗಲವಾಯಿತು. "ಅತ್ತೆ, ನೀವೊಂದು ಮಾತು ಹೇಳಿಬಿಡಿ. ಫ್ಯಾನು ಹಾಕಿದ್ದು ಯಾವ್ಯಾವ ಸಲ?"

ಇಬ್ಬರೂ ಅವರನ್ನೇ ನೋಡುತ್ತಿದ್ದರು. ಒಂದು, ನಾಲ್ಕು ಎಂದುಬಿಟ್ಟರೆ ಮುಗಿಯಿತು. ಕೇಳುವವರಿಲ್ಲ, ನೋಡಿದವರಿಲ್ಲ. ಮಾವನ ಬಾಯಲ್ಲಿ ಅಳಿಯನ ಬಗ್ಗೆ ಒಳ್ಳೆಯ ಮಾತು ಬಂದದ್ದು ಇವತ್ತೇ ಮೊದಲು. ಹುಡುಗ ನಿಂತಲ್ಲೇ ಕುಣಿದಾನು. ಆಮೇಲೆ ಸೋಮವಾರ ಬರುತ್ತದೆ. ಕೆಲಸಕ್ಕೆ ಬಾರದ ಫ್ಯಾನು ನಂಬಿಕೊಂಡು ಶೆಡ್ಡಿನಲ್ಲಿ ಕೂರುತ್ತಾನೆ, ಮಗಳು ಹೂಂ ಊಹೂಂ ಎನ್ನದೆ ನೋಡುತ್ತಾಳೆ.

"ಎರಡು, ಮೂರು," ಎಂದರು.

"ಏನಂದ್ರಿ?"

"ಮಧ್ಯದ ಎರಡು ಸಲ ಕಣಪ್ಪ. ಮೊದಲಿಂದ್ಲೂ ಹೇಳ್ತಿದ್ದೀಯಲ್ಲ, ಇದ್ದದ್ದು ಇದ್ದಹಾಗೆ ಹೇಳಿ ಅಂತ. ಫ್ಯಾನು ಹಾಕಿದಾಗಲೇ ಅದು ಜಾಸ್ತಿ ಕುಡಿದಿರೋದು."

ಅಳಿಯ ಜಾಡಿಯನ್ನು ಕೆಳಗಿಟ್ಟು ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. ಮಾವ ಕೆಮ್ಮಿದರು, ಟೈರನ್ನು ಕಾಲಿನಿಂದ ಒತ್ತಿ ನೋಡಿದರು. ಅಳಿಯ ಮೆಲ್ಲಗೆ ತಲೆ ಎತ್ತಿದ.

"ಅಷ್ಟು ಪುಟ್ಟ ಫ್ಯಾನಿಗೆ ಅಷ್ಟೊಂದು ಕುಡಿಸೋ ಶಕ್ತಿ ಎಲ್ಲಿಂದ ಬರ್ಬೇಕು ಅತ್ತೆ? ಬೇರೆ ಏನೋ ಆಗಿದೆ. ಆ ಎರಡು ಸಲ ನೀವು ಯಾಕೆ ಮಾತೇ ಆಡಲಿಲ್ಲ?"

"ಭಯ ಆಗಿತ್ತಪ್ಪ, ನಿನ್ನ ಫ್ಯಾನು ಏನಾಗುತ್ತೋ ಅಂತ."

"ಮಿಕ್ಕ ಎರಡು ಸಲ?"

"ಮಾತಾಡ್ದೆ. ನನಗಿನ್ನೇನು ಕೆಲಸ?"

ಅಳಿಯ ಮಾವನತ್ತ ತಿರುಗಿದ. ಅವನ ತುಟಿಯ ಅಂಚು ಅದುರುತ್ತಿತ್ತು. "ಮಾವ, ಅತ್ತೆ ದರ್ಜಿಯ ಕೋಟಿನ ಕಥೆ ಹೇಳುವಾಗ ಒಂದು ಟ್ರ್ಯಾಕ್ಟರ್ ಗಾಡಿ ನಮ್ಮ ಮುಂದೆ ಇತ್ತು. ನೀವು ಅದನ್ನ ದಾಟಲೇ ಇಲ್ಲ. ಅದರ ಹಿಂದೆಯೇ ಹೋದ್ರಿ."

"ಯಾವ ಗಾಡಿ?" ಎಂದರು ಮಾವ.

ಅಷ್ಟೇ ಸಾಕಾಯಿತು. ಅಳಿಯ ನೆಲದ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಅದರಲ್ಲಿ ಒಂದೆರಡು ಹನಿ ಫ್ಯಾನಿನದೂ ಇದ್ದಿರಬೇಕು. ಹಿಂದಿನಿಂದ ಮಾತು ಬಂದರೆ ಆಕ್ಸಿಲರೇಟರ್ ಮೇಲಿನ ಮಾವನ ಕಾಲು ತಾನಾಗಿಯೇ ಸಡಿಲವಾಗುತ್ತಿತ್ತು. ಮಾತಿಲ್ಲದಿದ್ದರೆ ಮೇಲ್ ರೈಲು ಹೊರಡುತ್ತಿತ್ತು. "ನಾನು ಯಾರ ಮಾತನ್ನೂ ಕೇಳಿಸ್ಕೊಳ್ಳಲಿಲ್ಲ," ಎಂದು ಮಾವ ಗದರಿದರು. "ಆ ಬೆಕ್ಕಿಗೆ ಪಕ್ಕದವರು ಏನು ಹೆಸರಿಟ್ಟರೆ ನನಗೇನು?" ಬಂಕಿನಲ್ಲಿ ಪೆಟ್ರೋಲು ಹಾಕುವ ಹುಡುಗಿಯರೂ ನಗತೊಡಗಿದರು. ಅತ್ತೆ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡರು. ಇಷ್ಟು ನಾಚಿಕೆ, ಇಷ್ಟು ಸಂತೋಷ ಒಟ್ಟಿಗೆ ಆಗಿ ಎಷ್ಟೋ ವರ್ಷವಾಗಿತ್ತು.

ಅಳಿಯ ಬಾನೆಟ್ ಎತ್ತಿ ಫ್ಯಾನನ್ನು ತಾನೇ ಬಿಚ್ಚಿದ. ಒರೆಸಿ, ಒಂದು ಸಲ ಬೆರಳಿನಿಂದ ತಿರುಗಿಸಿ ನೋಡಿ, ಡಿಕ್ಕಿಯಲ್ಲಿಟ್ಟ. "ಸೋಮವಾರ ಎರಡು ಫ್ರಿಜ್ ಕಾಯ್ತಿವೆ," ಎಂದ.

"ಕೆಲಸ ಬಿಡಬೇಡ," ಎಂದರು ಮಾವ, ಬೇರೆಲ್ಲೋ ನೋಡುತ್ತಾ. "ಭಾನುವಾರ ಭಾನುವಾರ ಶೆಡ್ಡಿಗೆ ಬಾ. ಏನು ಬೇಕಾದ್ರೂ ಬಿಚ್ಚು, ಏನು ಬೇಕಾದ್ರೂ ಕಟ್ಟು."

ಅಳಿಯ ಇನ್ನೊಂದು ಸುತ್ತು ಬೇಕೆಂದು ಹಟ ಹಿಡಿದ. ಫ್ಯಾನಿಲ್ಲದೆ, ಅತ್ತೆ ಮುಂದಿನ ಸೀಟಿನಲ್ಲಿ, ಬರೀ ಮಾತಿನ ಪರೀಕ್ಷೆ. ಅವನು ಹಿಂದೆ ಕುಳಿತ, ಮಡಿಲಲ್ಲಿ ಜಾಡಿ.

"ಶುರು ಮಾಡಿ ಅತ್ತೆ."

ಅತ್ತೆ ಬಾಯಿ ತೆರೆದರು. ಒಂದೂ ಮಾತು ಬರಲಿಲ್ಲ. ಹುಟ್ಟಿದಾಗಿನಿಂದ ಹೀಗಾಗಿರಲಿಲ್ಲ. ಕಾರು ಪೇಟೆ ದಾಟಿತು, ರಸ್ತೆ ಬಿಡುವಾಯಿತು, ವೇಗ ಏರತೊಡಗಿತು. ಅಳಿಯ ಹಿಂದಿನಿಂದ ನಿಟ್ಟುಸಿರು ಬಿಟ್ಟ.

"ಇವಳು ಹುಟ್ಟಿದ ದಿನ," ಎಂದರು ಮಾವ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ. "ನಮ್ಮ ಹುಡುಗಿ. ಸ್ಟೇಷನ್ನಿನಲ್ಲಿ ಕೂಗಿ ಹೇಳಿದ್ರು ನನಗೆ. ಹೊರಟ ಮೇಲೆ ಅಸಿಸ್ಟೆಂಟಿಗೆ ಹೇಳ್ದೆ, ಮುಂದಿನ ಸಿಗ್ನಲ್ ನೀನೇ ನೋಡಿ ಹೇಳಪ್ಪ, ನನಗೆ ಕಾಣ್ತಿಲ್ಲ ಅಂತ."

ಅತ್ತೆ ತಿರುಗಿ ಅವರನ್ನು ನೋಡಿದರು. "ಮಂಜು ಇತ್ತಾ?"

"ಎಲ್ಲಿಯ ಮಂಜು. ಬೇಸಿಗೆ, ನಡುಮಧ್ಯಾಹ್ನ."

ಬೆನ್ನಿಗೆ ಏಣಿ ಕಟ್ಟಿಕೊಂಡ ಸೈಕಲ್ ಸವಾರನೊಬ್ಬ ಗಂಟೆ ಬಾರಿಸುತ್ತಾ ಕಾರನ್ನು ಹಿಂದೆ ಹಾಕಿ ಮುಂದೆ ಹೋದ. ಮಾವ ಅವನನ್ನು ಗಮನಿಸಲಿಲ್ಲ. ಅವರಿನ್ನೂ ಹೇಳುತ್ತಿದ್ದರು.