ಹಿಮನದಿಗೆ ಹೋಗಿಬಂದ ಗಾಲಿಕುರ್ಚಿ

ಹುಬ್ಬಳ್ಳಿಯ ತಾರಿಹಾಳದಲ್ಲಿ ಒಂದು ತಗಡಿನ ಶೆಡ್ಡಿದೆ. ಅಲ್ಲಿ ಕಬ್ಬಿಣದ ಕೊಳವೆ ಬಗ್ಗಿಸಿ, ಬೆಸೆದು, ನೀಲಿ ರೆಕ್ಸಿನ್ ಹೊದಿಸಿ ಒಂದೇ ವಾರದಲ್ಲಿ ಮೂವತ್ತು ಗಾಲಿಕುರ್ಚಿಗಳನ್ನು ಮಾಡಿದರು. ಆ ಮೂವತ್ತರಲ್ಲಿ ನಾನೂ ಒಂದು. ಮಾಡಿದವರ ಮೇಲೆ ನನಗೆ ದೂರಿಲ್ಲ. ನನ್ನ ಎಡಗಾಲಿ ತುಸು ಸೊಟ್ಟಗಿದ್ದುದನ್ನು ಕಂಡು ಮೇಸ್ತ್ರಿ ಅದನ್ನು ಬಿಚ್ಚಿಸಿ ಮತ್ತೆ ಹಾಕಿಸಿದ. ನನಗೆ ಸಿಟ್ಟು ಕಲಿಸಿದವರು ಬೇರೆ.

ಮೊದಲನೆಯವರು ನಮ್ಮನ್ನು ಕೊಂಡುಕೊಂಡ ದಾನಿಗಳು. ಗದುಗಿನ ಒಂದು ಮೈದಾನದಲ್ಲಿ ಶಾಮಿಯಾನ ಹಾಕಿಸಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ನಮ್ಮ ಒಬ್ಬೊಬ್ಬರ ಬೆನ್ನ ಮೇಲೂ ದಾನಿಗಳ ಹೆಸರು, ಅವರ ತಂದೆಯ ಹೆಸರು, ಅಂಗಡಿಯ ಹೆಸರು, ಎಲ್ಲ ಕೆಂಪು ಅಕ್ಷರದಲ್ಲಿ. ಕುರ್ಚಿ ಪಡೆಯಲು ಬಂದವರನ್ನು ಮೂರು ತಾಸು ಬಿಸಿಲಿನಲ್ಲಿ ಕಾಯಿಸಿದರು. ದಾನಿಗಳು ಬಂದರು, ಫೋಟೋ ತೆಗೆಸಿಕೊಂಡರು, ಹೋದರು.

ನನ್ನ ಪಾಲಿಗೆ ಬಂದವಳು ನೀಲಾಂಬಿಕಾ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವ ಟೀಚರು. ಮನೆಗೆ ಬಂದವಳೇ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ನನ್ನ ಬೆನ್ನು ತಿಕ್ಕತೊಡಗಿದಳು.

"ಏನ್ ಮಾಡಾಕತ್ತೀಯ ಅಕ್ಕಾ?" ಎಂದ ತಮ್ಮ ಮಹಾಂತೇಶ.

"ಮಂದೀ ಹೆಸರು ಬೆನ್ನಿಗೆ ಕಟಗೊಂಡು ಸಾಲಿಗೆ ಹೋಗಾಕ ನನಗಾಗೂದಿಲ್ಲ."

ಅಕ್ಷರ ಅಳಿಸಿಹೋಗುವಷ್ಟರಲ್ಲಿ ನಾನು ಅವಳದ್ದಾಗಿಬಿಟ್ಟಿದ್ದೆ.

ಹನ್ನೊಂದು ವರ್ಷ ಅವಳನ್ನು ಹೊತ್ತು ಶಾಲೆಗೆ ಹೋದೆ. ಪ್ರತಿ ವರ್ಷ ಜನವರಿಯಲ್ಲಿ ಹಿಮನದಿಯ ಪಾಠ ಬರುತ್ತಿತ್ತು. ಅವಳು ಹಿಂದಿನ ದಿನವೇ ಐಸ್‌ಕ್ಯಾಂಡಿ ಅಂಗಡಿಯವನಿಗೆ ಹೇಳಿ, ಸಣ್ಣ ಹರಳುಕಲ್ಲು ಸೇರಿಸಿ ಹೆಪ್ಪುಗಟ್ಟಿಸಿದ ಮಂಜಿನ ಗಡ್ಡೆ ತರಿಸುತ್ತಿದ್ದಳು. ಅದನ್ನು ಓರೆಯಾಗಿಟ್ಟ ಹಲಗೆಯ ಮೇಲೆ ಒತ್ತಿ ಜಾರಿಸಿದರೆ ಹಲಗೆಯ ತುಂಬ ಗೀರು ಬೀಳುತ್ತಿದ್ದವು. "ಬೆಟ್ಟಾನೂ ಹಿಂಗ ಕೊರೀತೈತಿ ನೋಡ್ರಿ" ಎನ್ನುತ್ತಿದ್ದಳು. ಆಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: "ಟೀಚರ್, ನೀವು ಖರೇ ಹಿಮನದಿ ನೋಡೀರೇನ್ರೀ?"

"ಇಲ್ಲ."

ಹನ್ನೊಂದು ಸಲ ಆ 'ಇಲ್ಲ' ಕೇಳಿದ್ದೇನೆ. ಕೊನೆಕೊನೆಗೆ ಅದನ್ನು ಹೇಳುವಾಗ ಅವಳ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ಹನ್ನೆರಡನೆಯ ಬೇಸಿಗೆಯಲ್ಲಿ ಹೊರಟೆವು. ಮಹಾಂತೇಶ, ಅವನ ಹೆಂಡತಿ ಶೈಲಜಾ, ಒಂಬತ್ತು ವರ್ಷದ ಮಗಳು ಸಿಂಚನಾ, ನೀಲಾಂಬಿಕಾ, ನಾನು. ಎರಡು ರೈಲು, ಒಂದು ಜೀಪು. ಹಿಮಾಲಯದ ಆ ಊರಿನ ಹೆಸರು ನಾನು ಹೇಳುವುದಿಲ್ಲ. ಅಲ್ಲಿ ಕೇಬಲ್ ಕಾರು ಹತ್ತಿದರೆ ಅರ್ಧ ತಾಸಿನಲ್ಲಿ ಹಿಮನದಿಯ ಬಾಯಿಗೆ ಮುಟ್ಟಿಸುತ್ತದೆ. ಮುಂಜಾನೆಯೇ ಹೋಗಿ ಸಾಲಿನಲ್ಲಿ ನಿಂತೆವು. ತಂತಿಗೆ ಜೋತುಬಿದ್ದ ಗಾಜಿನ ಡಬ್ಬಿಗಳು ಒಂದರ ಹಿಂದೊಂದು ಮೆಲ್ಲಗೆ ಸುತ್ತಿ ಬರುತ್ತಿದ್ದವು, ಜನ ಹತ್ತಿಕೊಳ್ಳುತ್ತಿದ್ದರು.

ನಮ್ಮ ಪಾಳಿ ಬಂದಾಗ ಬಾಗಿಲ ಬಳಿಯ ಕಪ್ಪು ಜಾಕೀಟಿನವನು ಕೈ ಅಡ್ಡ ಹಿಡಿದ. ನೀಲಾಂಬಿಕಾಳ ತಲೆಯ ಮೇಲಿಂದ ಮಹಾಂತೇಶನಿಗೆ ಹಿಂದಿಯಲ್ಲಿ ಹೇಳಿದ, ಇವರನ್ನು ಕೆಳಗೇ ಕೂರಿಸಿ, ಗಾಲಿಕುರ್ಚಿ ಮೇಲಕ್ಕೆ ಬಿಡುವುದಿಲ್ಲ ಎಂದು.

ಟಿಕೆಟು ಅವಳ ಕೈಯಲ್ಲಿತ್ತು. ಅವಳಿಗೆ ಕಿವಿಯಿತ್ತು, ಬಾಯಿಯಿತ್ತು. ಆದರೂ ಆ ಮನುಷ್ಯ ಅವಳ ಮುಖ ನೋಡಲಿಲ್ಲ, ಯಾರೋ ಮರೆತುಹೋದ ಚೀಲದ ಬಗ್ಗೆ ವಿಚಾರಿಸುವವನ ಹಾಗೆ ಮಾತಾಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅದಕ್ಕಿಂತ ಹೆಚ್ಚು ಉರಿದದ್ದು ಮಹಾಂತೇಶನ ಮಾತಿಗೆ.

"ಅಕ್ಕಾ, ಹೋಗ್ಲಿ ಬಿಡು. ನೀ ಇಲ್ಲೇ ಚಹಾ ಕುಡಕೋತ ಕುಂದ್ರು. ನಾವು ಮ್ಯಾಲಿಂದ ವಿಡಿಯೋ ಕಾಲ್ ಮಾಡ್ತೀವಿ."

ನೀಲಾಂಬಿಕಾ ತಮ್ಮನನ್ನು ಒಂದು ಗಳಿಗೆ ನೋಡಿದಳು.

"ನಾ ಚಹಾ ಕುಡ್ಯಾಕ ಇಷ್ಟ್ ದೂರ ಬಂದಿಲ್ಲೋ ಮಹಾಂತೇಶಾ." ಆಮೇಲೆ ಶೈಲಜಾಳ ಕಡೆ ತಿರುಗಿದಳು. ಶೈಲಜಾ ಸೊಲ್ಲಾಪುರದಲ್ಲಿ ಬೆಳೆದವಳು, ಹಿಂದಿ ನೀರು ಕುಡಿದಷ್ಟು ಸಲೀಸು. "ಗಾಲಿಕುರ್ಚಿ ಒಯ್ಯಬಾರ್ದು ಅಂತ ಎಲ್ಲಿ ಬರದೈತಿ ಕೇಳವ್ವಾ."

ಅವನು ಹೆಬ್ಬೆರಳಿನಿಂದ ಗೋಡೆಯ ಮೇಲಿನ ಫಲಕ ತೋರಿಸಿದ. ಗಂಡನ ಅಕ್ಕನ ಹಟಕ್ಕೆ ಶೈಲಜಾ ನಾಚಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಹಿಂದೆ ಮದುವೆ ಮನೆಗಳಲ್ಲಿ ನಾಚಿಕೊಂಡದ್ದನ್ನು ನಾನೇ ಕಂಡಿದ್ದೆ. ಆದರೆ ಅವಳು ಫಲಕದ ಮುಂದೆ ಹೋಗಿ ನಿಂತು, ಇಡೀ ಸಾಲಿಗೆ ಕೇಳುವಂತೆ ಓದಿದಳು. ಒಂದನೆಯದು, ಗ್ಯಾಸ್ ಸಿಲಿಂಡರ್. ಎರಡನೆಯದು, ಮದ್ಯ. ಮೂರನೆಯದು, ಸಾಕುಪ್ರಾಣಿ. ನಾಲ್ಕನೆಯದು, ಪಟಾಕಿ. ಅಷ್ಟೇ. ಆಮೇಲೆ ತಿರುಗಿ ಕೇಳಿದಳು, ನಮ್ಮ ಅಕ್ಕ ಇವುಗಳಲ್ಲಿ ಯಾವುದು?

ಸಾಲಿನಲ್ಲಿ ಯಾರೋ ನಕ್ಕರು. ಜಾಕೀಟಿನವನ ಮುಖ ಕೆಂಪಾಯಿತು. ಡಬ್ಬಿಯ ಬಾಗಿಲು ಸಣ್ಣದು, ಕುರ್ಚಿ ಹಿಡಿಸದು ಎಂದ. ನೀಲಾಂಬಿಕಾ ಓಢಣಿ ತೆಗೆದು ನನ್ನ ಈ ಗಾಲಿಯಿಂದ ಆ ಗಾಲಿಗೆ ಅಳೆದು ಗಂಟು ಹಾಕಿ ಕೊಟ್ಟಳು. ಶೈಲಜಾ ಅದನ್ನು ಬಂದು ನಿಧಾನಿಸಿದ ಡಬ್ಬಿಯೊಂದರ ಬಾಗಿಲಿಗೆ ಹಿಡಿದಳು. ನಾಲ್ಕು ಬೆರಳು ಜಾಗ ಇನ್ನೂ ಉಳಿಯಿತು.

ಹಾಗಾದರೆ ಡಬ್ಬಿಯನ್ನು ಪೂರ್ತಿ ನಿಲ್ಲಿಸಬೇಕಾಗುತ್ತದೆ, ಅದು ಯಾರಿಗೂ ನಿಲ್ಲುವುದಿಲ್ಲ ಎಂದ ಅವನು.

ನೀಲಾಂಬಿಕಾಳ ದನಿ ಏರಿದ್ದು ಆಗಲೇ. "ನಾವು ಬಂದಾಗ ತಂಪು ಪಾನೀಯದ ಕ್ರೇಟು ಏರಿಸಿದ್ರಲ್ಲಾ, ಇಪ್ಪತ್ತು ಕ್ರೇಟು! ನಿಂತಿತ್ತೋ ಇಲ್ಲೋ? ಬಾಟ್ಲಿಗೆ ನಿಲ್ಲೂದು ನನಗ ಯಾಕ ನಿಲ್ಲೂದಿಲ್ಲ? ನಿಲ್ಲೂದಿಲ್ಲಂದ್ರ ಹಂಗಂತ ಬರದು ಸಹಿ ಹಾಕಿ ಕೊಡು ಅಂತ ಹೇಳು ಶೈಲಾ. ನಾ ಇಲ್ಲಿಂದ ಅಲಗಾಡೂದಿಲ್ಲ!"

ಶೈಲಜಾ ಒಂದು ಮಾತೂ ಬಿಡದೆ ಹಿಂದಿಯಲ್ಲಿ ಹೇಳಿದಳು, ಕೈಬೀಸು ಸಮೇತ. ಜಾಕೀಟಿನವನು ಬಾಯಿ ತೆರೆಯುವಷ್ಟರಲ್ಲಿ ಯಂತ್ರದ ಗಡಗಡ ಸದ್ದು ತಗ್ಗಿತು. ಎದುರಿನ ಗಾಜಿನ ಕೋಣೆಯೊಳಗೆ ಒಬ್ಬ ನರೆತ ಮನುಷ್ಯ ಸನ್ನೆಗೋಲು ಹಿಂದಕ್ಕೆಳೆದಿದ್ದ. ಡಬ್ಬಿ ನಿಂತಿತು. ಅವನು ಕಿಟಕಿಯಿಂದಲೇ ಕೈಯಾಡಿಸಿ, ಹತ್ತಿ ಎಂದ. ಅಷ್ಟೇ ಕೆಲಸ. ಒಂದು ಗೋಲನ್ನು ಒಂದು ನಿಮಿಷ ಹಿಂದಕ್ಕೆಳೆಯುವ ಕೆಲಸಕ್ಕೆ ಅರ್ಧ ತಾಸು ಜಗಳ.

ಮೇಲೆ ಹೋಗುವಾಗ ದೇವದಾರು ಮರಗಳು ಕೆಳಗೆ ಸರಿದು ಬರಿಯ ಬಂಡೆ ಬಂತು. ಮಹಾಂತೇಶ ಗಾಜಿಗೆ ಮುಖವಿಟ್ಟು ನಿಂತಿದ್ದ. "ತಪ್ಪಾತು ಅಕ್ಕಾ" ಎಂದ ಕೊನೆಗೆ. ಅವಳು ಓಢಣಿಯ ಗಂಟು ಬಿಚ್ಚುತ್ತ ಕೂತಿದ್ದಳು. ಅವನನ್ನು ಕ್ಷಮಿಸಬೇಕಿತ್ತು ಎಂದೂ ನನಗನ್ನಿಸಲಿಲ್ಲ.

ಮೇಲೆ ಇಳಿದರೆ ಹದಿನಾಲ್ಕು ಮೆಟ್ಟಿಲು! ಇಳಿಜಾರು ದಾರಿಯ ಮಾತೇ ಇಲ್ಲ. ಮಹಾಂತೇಶ ಅಕ್ಕನನ್ನು ಎತ್ತಿಕೊಳ್ಳಲು ಬಗ್ಗಿದ.

"ಎತ್ತಬ್ಯಾಡ. ಕುರ್ಚಿ ಹಿಂದಕ್ಕ ವಾಲಿಸು. ದೊಡ್ಡ ಗಾಲಿ ಮ್ಯಾಲೆ ಒಂದೊಂದ ಮೆಟ್ಲ ಇಳಿಸು" ಎಂದಳು. ಹಾಗೇ ಇಳಿದೆವು, ನನ್ನ ಕೀಲು ಕೀಲೂ ಅಲುಗುತ್ತ. ಒಬ್ಬ ಪ್ರವಾಸಿ ಪಕ್ಕದಲ್ಲೇ ಫೋನು ಹಿಡಿದು ನಮ್ಮನ್ನು ಚಿತ್ರೀಕರಿಸುತ್ತ ಬಂದ. "ಫೋನ್ ಒಳಗಿಡಪಾ, ಇಲ್ಲಾ ಒಂದ್ ಕೈ ಹಚ್ಚು" ಎಂದಳು ನೀಲಾಂಬಿಕಾ. ಕನ್ನಡ ಅವನಿಗೆ ಹೇಗೆ ತಿಳಿಯಿತೋ, ಫೋನು ಜೇಬಿಗಿಳಿಯಿತು. ಕೈ ಮಾತ್ರ ಬರಲಿಲ್ಲ.

ಹಿಮನದಿ ಎದುರಿಗಿತ್ತು. ನಾನು ಬೆಳ್ಳಗಿರುತ್ತದೆ ಎಂದುಕೊಂಡಿದ್ದೆ. ಅದು ಬೂದಿ ಬಣ್ಣದ್ದು, ಮೈತುಂಬ ಕಲ್ಲುಮಣ್ಣು. ಅಂಚಿನ ನೀರಲ್ಲಿ ಚಿಪ್ಸಿನ ಪಾಕೀಟು, ಆ ಕ್ರೇಟಿನ ಬಾಟಲಿಗಳು. ಬಂಡೆಗಳ ಮೇಲೆ ಇಸವಿಗಳನ್ನು ಬರೆದಿದ್ದರು, ಯಾವ ವರ್ಷ ಮಂಜು ಎಲ್ಲಿಯವರೆಗೆ ಇತ್ತೆಂದು. ಅವಳು ಟೀಚರಾಗಿ ಶಾಲೆಗೆ ಸೇರಿದ ವರ್ಷದ ಗುರುತು ನಮ್ಮ ಹಿಂದೆ, ಮೆಟ್ಟಿಲ ಬುಡದಲ್ಲಿತ್ತು. ಮಂಜು ಅಲ್ಲಿಂದ ಮೂವತ್ತು ಹೆಜ್ಜೆ ಹಿಂದೆ ಸರಿದಿತ್ತು. ಆ ಮೂವತ್ತು ಹೆಜ್ಜೆಯೂ ಕಲ್ಲಿನ ರಾಶಿ. ನನ್ನ ಗಾಲಿಗಳು ಅಲ್ಲೇ ಸಿಕ್ಕಿಕೊಂಡವು.

ನೀಲಾಂಬಿಕಾ ನನ್ನಿಂದ ಕೆಳಗಿಳಿದಳು. ಯಾರ ಕೈಯನ್ನೂ ಹಿಡಿಯದೆ, ಅಂಗೈಯೂರಿ, ಸೊಂಟ ಎಳೆದುಕೊಂಡು, ಕಲ್ಲಿನಿಂದ ಕಲ್ಲಿಗೆ ಹೊರಟಳು. ಮಹಾಂತೇಶ ಪಕ್ಕದಲ್ಲಿ ಕೂತೂ ಎದ್ದೂ ನಡೆದ, ಮುಟ್ಟಲಿಲ್ಲ. ಹಿಂದೆ ನಿಂತ ನಾನು ನೋಡುತ್ತಲೇ ಇದ್ದೆ. ಹನ್ನೆರಡು ವರ್ಷದಲ್ಲಿ ನಾನು ಅವಳ ಉಪಯೋಗಕ್ಕೆ ಬಾರದ್ದು ಅಂದು ಮಾತ್ರ. ಆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ?

ಅವಳು ಮಂಜಿಗೆ ಎರಡೂ ಅಂಗೈ ಹಚ್ಚಿ ಬಹಳ ಹೊತ್ತು ಕೂತಳು. ತಿರುಗಿ ಬಂದಾಗ ಕೈ ತರಚಿ ರಕ್ತ ಬಂದಿತ್ತು.

"ಹೆಂಗೈತಿ ಅತ್ತೀ?" ಕೇಳಿದಳು ಸಿಂಚನಾ.

"ಹೊಲಸಾಗೈತಿ" ಎಂದಳು. ತಡೆದು, "ಆದ್ರ ಖರೇನ ಐತಿ" ಎಂದಳು.

ಊರಿಗೆ ಬಂದವಳೇ ಆ ಕೇಬಲ್ ಕಾರಿನವರಿಗೆ ಪತ್ರ ಬರೆದಳು. 'ತಮ್ಮ ಅನಿಸಿಕೆಗೆ ಧನ್ಯವಾದ' ಎಂಬ ಒಂದು ಸಾಲು ಬಂತು. ಮತ್ತೆ ಬರೆದಳು, ಮತ್ತೆ ಬರೆದಳು. ಮರುವರ್ಷ ಅಲ್ಲಿಗೆ ಹೋಗಿದ್ದ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಫಲಕದ ಫೋಟೋ ಕಳಿಸಿದಳು. ಅದರಲ್ಲಿ ಹೊಸ ಬಣ್ಣದಲ್ಲಿ ಐದನೆಯ ಸಾಲು: ಗಾಲಿಕುರ್ಚಿ.

ನಿಯಮ ಎಲ್ಲಿದೆ ಎಂದು ಕೇಳಿದ್ದಕ್ಕೆ ನಿಯಮವನ್ನೇ ಮಾಡಿಬಿಟ್ಟಿದ್ದರು! ನೀಲಾಂಬಿಕಾ ಆ ದಿನ ಊಟ ಮಾಡಲಿಲ್ಲ. ಮರುದಿನ ವಕೀಲರನ್ನು ಕಂಡಳು. ಫಲಕದ ಫೋಟೋ, ನನ್ನ ಅಳತೆ, ಹದಿನಾಲ್ಕು ಮೆಟ್ಟಿಲು, ಎಲ್ಲವೂ ಅರ್ಜಿಯಲ್ಲಿ ಸೇರಿದವು. ಶೈಲಜಾ ಎಲ್ಲವನ್ನೂ ಹಿಂದಿಯಲ್ಲಿ ಬರೆದಳು. ಪ್ರತಿ ವಿಚಾರಣೆಗೆ ಕರೆದೊಯ್ದವನು ಮಹಾಂತೇಶ, ಒಮ್ಮೆಯೂ 'ಹೋಗ್ಲಿ ಬಿಡು' ಅನ್ನಲಿಲ್ಲ. ಮೂರು ವರ್ಷಕ್ಕೆ ಆದೇಶ ಬಂತು, ಆ ಸಾಲು ಅಳಿಸಿ, ಮೇಲೆ ಇಳಿಜಾರು ದಾರಿ ಕಟ್ಟಿ ಎಂದು.

ಅಷ್ಟರಲ್ಲಿ ನನ್ನ ಬಲಗಡೆಯ ಕೊಳವೆ ಸೀಳಿತ್ತು. ಬೆಸೆದ ಜಾಗದಲ್ಲೇ ಮತ್ತೆ ಬೆಸೆಯಲು ಬರುವುದಿಲ್ಲ ಎಂದರು. ಅವಳಿಗೆ ಬ್ಯಾಟರಿ ಕುರ್ಚಿ ಬಂತು. ನಾನೀಗ ಶಾಲೆಯ ನಕ್ಷೆಗಳ ಕೋಣೆಯಲ್ಲಿದ್ದೇನೆ, ಸುತ್ತಿಟ್ಟ ಭೂಪಟಗಳನ್ನು ಮಡಿಲಲ್ಲಿ ಹೊತ್ತು. ವಯಸ್ಸಾದಂತೆ ಸಿಟ್ಟು ಇಳಿಯುತ್ತದಂತೆ. ನನ್ನ ಗಾಲಿಯ ಗಾಳಿ ಇಳಿದಿದೆ, ಸಿಟ್ಟು ಇಳಿದಿಲ್ಲ.

ಮೊನ್ನೆ ಅವಳು ಭೂಪಟ ಒಯ್ಯಲು ಬಂದಾಗ ಶೈಲಜಾಳ ಫೋನು ಬಂತು. ಇಳಿಜಾರು ದಾರಿ ಕಟ್ಟಿ ಮುಗಿದಿದೆಯಂತೆ, ಕಬ್ಬಿಣದ ಕೈಹಿಡಿ ಸಮೇತ, ಬಲು ಚೆಂದ. ಆದರೆ ಮಂಜು ಇನ್ನೂ ಅರವತ್ತು ಹೆಜ್ಜೆ ಹಿಂದಕ್ಕೆ ಹೋಗಿದೆ. ದಾರಿ ಮುಗಿಯುವಲ್ಲಿ ಈಗ ಬರಿಯ ಕಲ್ಲು.

ನೀಲಾಂಬಿಕಾ ಕೈಲಿದ್ದ ಭೂಪಟವನ್ನು ಮತ್ತೆ ನನ್ನ ಮಡಿಲಿಗಿಟ್ಟಳು.

"ಅರವತ್ತು ಹೆಜ್ಜಿ ಬಾಕಿ ಐತಿ ಅಂತ ಬರೀಬೇಕಲ್ಲ ಹಂಗಾದ್ರ" ಎಂದಳು. "ಹಾಳಿ ತಗೊಂಡು ಬಾ ಶೈಲಾ. ಮಂಜು ಮುಗಿಯೂದ್ರೊಳಗ ಬರದ್ ಬಿಡೂಣು."