ಮುರಿಗೆಪ್ಪ ಎಂದೂ ನಕ್ಕಿರಲಿಲ್ಲ

ಪೀಣ್ಯ ಎರಡನೇ ಹಂತದ ಒಂದು ಬೋಲ್ಟ್ ಕಾರ್ಖಾನೆಯಲ್ಲಿ ಮುರಿಗೆಪ್ಪ ಇನ್‌ಸ್ಪೆಕ್ಟರ್. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ, ಬೋಲ್ಟಿನ ಇನ್‌ಸ್ಪೆಕ್ಟರ್. ತಯಾರಾಗಿ ಬಂದ ಬೋಲ್ಟುಗಳ ಅಳತೆ ನೋಡಿ, ಸರಿಯಿದ್ದರೆ ಪಾಸು, ಇಲ್ಲದಿದ್ದರೆ ರಿಜೆಕ್ಟು ಎಂದು ಬರೆದು ಸಹಿ ಹಾಕುವುದು ಅವನ ಕೆಲಸ. ರಾಣೆಬೆನ್ನೂರಿನ ಕಡೆಯವನು, ಹೆಂಡತಿ ಶಿವಗಂಗಾಳೊಂದಿಗೆ ಬಾಗಲಗುಂಟೆಯಲ್ಲಿ ದೊಡ್ಡಮುನಿಯಪ್ಪನವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ. ಕೆಲಸಕ್ಕಿಂತ ಹೆಚ್ಚಾಗಿ ಅವನ ಹೆಸರು ಹಬ್ಬಿದ್ದು ನಗುವಿನಿಂದ. ಒಳಗೆ ಪ್ರೆಸ್ಸು ದಢದಢ ಓಡುತ್ತಿದ್ದರೂ ಅವನು ನಕ್ಕರೆ ಗೇಟಿನ ವಾಚ್‌ಮನ್ ತಿರುಗಿ ನೋಡುತ್ತಿದ್ದ.

ತೊಂಬತ್ತಾರರ ಸಂಕ್ರಾಂತಿ ಕಳೆದ ಮೇಲೆ ಆ ನಗು ನಿಂತುಹೋಯಿತು. ಯಾರೂ ಸತ್ತಿರಲಿಲ್ಲ, ಯಾರ ಜೊತೆಗೂ ಜಗಳವಾಗಿರಲಿಲ್ಲ. ನಸುಕಿಗೆ ಮುಂಚೆಯೇ ಎಚ್ಚರ, ಬಾಯಿಗಿಟ್ಟ ರೊಟ್ಟಿ ರಟ್ಟಿನ ಹಾಗೆ. ಸ್ನಾನಕ್ಕೆಂದು ಹೋದವನು ತಂಬಿಗೆ ಹಿಡಿದುಕೊಂಡು ಹಂಡೆಯ ನೀರು ಆರುವವರೆಗೆ ಸುಮ್ಮನೆ ಕುಳಿತಿರುತ್ತಿದ್ದ. ಶಿವಗಂಗಾ ಮೊದಲು ಪಿತ್ತ ಎಂದುಕೊಂಡಳು. ಆಮೇಲೆ ದೃಷ್ಟಿ ಎಂದುಕೊಂಡು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಘಾಟಿಗೆ ಕೆಳಗಿನ ಮನೆಯವರೆಲ್ಲ ಕೆಮ್ಮಿದರು, ಮುರಿಗೆಪ್ಪ ಕೆಮ್ಮಲೂ ಇಲ್ಲ.

ಫೆಬ್ರವರಿಯ ಒಂದು ಸಂಜೆ ಅವನು ಗೋಡೆ ನೋಡುತ್ತ ಹೇಳಿದ: "ಎಲ್ಲಾ ಕುಂತು ವಿಚಾರ ಮಾಡಿದೆ, ಶಿವಗಂಗಾ. ಹುಟ್ಟಿದಾಗಿಂದ ನಾ ಒಂದ್ ದಿನಾನೂ ಖುಷಿಯಿಂದ ಇದ್ದಿಲ್ಲ."

ಸೊಪ್ಪು ಸೋಸುತ್ತಿದ್ದ ಶಿವಗಂಗಾಳ ಕೈ ನಿಂತಿತು. "ಒಂದ್ ದಿನಾನೂ ಅಂದ್ರ? ನಮ್ಮ ಮದುವ್ಯಾಗ?"

"ಆವಾಗೂ ಇಲ್ಲ."

"ಹನ್ನೊಂದ್ ಹೋಳಿಗಿ ತಿಂದ್ರಲ್ರೀ! ನಮ್ಮ ಕಾಕಾ ನಿಂತು ಎಣಿಸ್ಯಾನ!"

"ದುಃಖದಾಗ ತಿಂದೆ."

ಅವಳಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಹನ್ನೆರಡು ವರ್ಷದ ಸಂಸಾರವನ್ನು ಈ ಮನುಷ್ಯ ಒಂದೇ ಮಾತಿನಲ್ಲಿ ರಿಜೆಕ್ಟ್ ಮಾಡಿಬಿಟ್ಟಿದ್ದ. ಆದರೆ ಅವನು ಮೆಲ್ಲಗೆ ಸೇರಿಸಿದ ಮಾತಿನಿಂದ ಅವಳಿಗೆ ಹೆದರಿಕೆಯಾಯಿತು. "ಹಿಂದ ಇದ್ದಿಲ್ಲಾಂದ್ರ ಮುಂದ ಎಲ್ಲಿಂದ ಬರ್ತೈತಿ?"

ಇದನ್ನು ಸುಳ್ಳು ಎಂದು ಸಾಬೀತು ಮಾಡಲೇಬೇಕೆಂದು ಅವಳು ನಿರ್ಧರಿಸಿದಳು. ಮುಂದಿನ ಭಾನುವಾರ ಅವಲಕ್ಕಿ, ಚಹಾ ಮಾಡಿ ಸಾಕ್ಷಿಗಳನ್ನು ಕರೆದಳು. ಒಬ್ಬರು ಮನೆ ಮಾಲೀಕ ದೊಡ್ಡಮುನಿಯಪ್ಪ. ಇನ್ನೊಬ್ಬ, ಕಾರ್ಖಾನೆಯಲ್ಲಿ ಪ್ರೆಸ್ಸು ನಡೆಸುವ ದಾಸರಹಳ್ಳಿಯ ಗಂಗಪ್ಪ.

ದೊಡ್ಡಮುನಿಯಪ್ಪ ಮೊದಲು ಮಾತಾಡಿದರು. ಮೂರು ವರ್ಷದ ಹಿಂದೆ ಇದೇ ಮಹಡಿ ಕಟ್ಟುವಾಗ ಅವರು ಬಿಳಿ ಪಂಚೆ ಉಟ್ಟು ಮೇಸ್ತ್ರಿಯನ್ನು ಬೈಯುತ್ತ ಹಿಂದೆ ಹಿಂದೆ ನಡೆದು ಸುಣ್ಣದ ಗುಂಡಿಗೆ ಬಿದ್ದಿದ್ದರು. ಆಗ ಕೆಳಗಿನ ಕೋಣೆಯಲ್ಲಿದ್ದ ಮುರಿಗೆಪ್ಪ ಅವರನ್ನು ಎತ್ತಲು ಬಂದು, ನಗು ತಡೆಯಲಾರದೆ ಅರ್ಧಕ್ಕೆ ಎತ್ತಿ ಮತ್ತೆ ಕೈಬಿಟ್ಟಿದ್ದ.

"ಎಲ್ಡ್ ಸಲ ಬಿದ್ದೆ ಕಣಮ್ಮ ನಾನು! ಒಂದ್ಸಲ ನಂದು, ಒಂದ್ಸಲ ಇವಂದು," ಎಂದರು ದೊಡ್ಡಮುನಿಯಪ್ಪ.

"ನಕ್ಕಿರಾಕಿಲ್ರಿ. ಕೆಮ್ಮಿರಬೇಕು," ಎಂದ ಮುರಿಗೆಪ್ಪ.

"ಕೆಮ್ಮಾ? ಅಂಗಾದ್ರೆ ನಾನು ಮೂರ್ ತಿಂಗ್ಳು ನಿನ್ ಕುಟ್ಟೆ ಮಾತು ಬಿಟ್ಟಿದ್ದು ಕೆಮ್ಮಿದ್ದಕ್ಕಾ?" ದೊಡ್ಡಮುನಿಯಪ್ಪನವರಿಗೆ ನಿಜಕ್ಕೂ ನೋವಾಯಿತು. ತಾವು ಬಿದ್ದದ್ದು ಹೇಗೆ, ಇವನು ನಕ್ಕದ್ದು ಹೇಗೆ ಎಂದು ತೋರಿಸಲು ಎದ್ದು ನಿಂತು, ಹಿಂದೆ ಹಿಂದೆ ನಡೆದು, ಅವಲಕ್ಕಿಯ ಪಾತ್ರೆಯ ಮೇಲೆ ಕುಳಿತೇಬಿಟ್ಟರು. ಗಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಮುರಿಗೆಪ್ಪ ಎದ್ದು ಹೋಗಿ ಅವರ ಪಂಚೆಗೆ ಅಂಟಿದ್ದ ಕರಿಬೇವು ಬಿಡಿಸಿ, ಮತ್ತೆ ತನ್ನ ಜಾಗದಲ್ಲಿ ಕುಳಿತ.

"ಇದೆಲ್ಲ ಬಾಯಿ ಮಾತು ಬಿಡಿ ಯಜಮಾನ್ರೇ, ನನ್ ಹತ್ರ ರೆಕಾರ್ಡ್ ಐತೆ," ಎಂದು ಗಂಗಪ್ಪ ಚೀಲದಿಂದ ಟೇಪ್‌ರೆಕಾರ್ಡರ್ ತೆಗೆದ. ತೊಂಬತ್ಮೂರರ ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಅವನು ಹಾಡಿದ್ದನ್ನು ಯಾರೋ ಕ್ಯಾಸೆಟ್ಟಿಗೆ ತುಂಬಿದ್ದರು. ಗುಂಡಿ ಒತ್ತಿದ. ಗಂಗಪ್ಪನ ಹಾಡು ಎರಡು ಸಾಲು ಕೇಳಿಸಿತು. ಆಮೇಲೆ ಕೇಳಿಸಿದ್ದೆಲ್ಲ ಮುರಿಗೆಪ್ಪನ ನಗು. ಹಾಡು ಮೇಲಕ್ಕೇರಿದಷ್ಟೂ ನಗುವೂ ಏರುತ್ತಿತ್ತು. ಕೊನೆಗೆ ಗಂಗಪ್ಪ ಹಾಡು ನಿಲ್ಲಿಸಿ "ಲೋ ಮಗಾ, ಹೊರಗ್ ಹೋಗೋ" ಎಂದದ್ದೂ, ನಗು ದೂರ ದೂರ ಹೋಗಿ ಅಂಗಳದಿಂದ ಕೇಳಿಸಿದ್ದೂ ಅದರಲ್ಲಿತ್ತು.

"ಏನಂತೀಯಾ ಗುರು?"

ಮುರಿಗೆಪ್ಪ ಬೋಲ್ಟಿನ ಅಳತೆ ನೋಡುವವನಂತೆ ತಲೆ ಬಾಗಿಸಿ ಪೂರ್ತಿ ಕೇಳಿದ್ದ. "ಮ್ಯಾಲೆ ಮ್ಯಾಲೆ ನಕ್ಕಂಗ ಐತಿ. ಒಳಗ ಅಳಾಕತ್ತೀನಿ. ಸರಿಯಾಗಿ ಕೇಳ್ರಿ."

ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮೂವರೂ ಸರಿಯಾಗಿ ಕೇಳಿದರು. ದೊಡ್ಡಮುನಿಯಪ್ಪ, "ಅಳ್ತಿರೋನು ಗಂಗಪ್ಪ ಅನ್ನಿಸ್ತದೆ," ಎಂದರು.

ಸಭೆ ಮುರಿಯಿತು. ಶಿವಗಂಗಾಳಿಗೆ ಅಂದು ಒಂದು ವಿಷಯ ತಿಳಿಯಿತು: ಗಂಡ ಹಟ ಮಾಡುತ್ತಿಲ್ಲ, ಸುಳ್ಳೂ ಹೇಳುತ್ತಿಲ್ಲ. ಹೋಳಿಗೆ, ಸುಣ್ಣದ ಗುಂಡಿ, ಆಯುಧಪೂಜೆ ಎಲ್ಲವೂ ಅವನಿಗೆ ನೆನಪಿದ್ದವು. ಅವುಗಳೊಳಗಿನ ಸಂತೋಷ ಮಾತ್ರ ಎಲ್ಲೋ ಸೋರಿಹೋಗಿತ್ತು.

ಆ ವಾರವೇ ಕಾರ್ಖಾನೆಯ ಮಾಲೀಕ ಕೃಷ್ಣಪ್ಪನವರು ಮುರಿಗೆಪ್ಪನನ್ನು ಕರೆಸಿದರು. ಅವರ ಮುಂದೆ ಅವನದೇ ರಿಪೋರ್ಟುಗಳ ಕಟ್ಟು ಇತ್ತು.

"ಏನ್ರೀ ಇದು, ನಾಲ್ಕು ಸಾವಿರ ಬೋಲ್ಟಲ್ಲಿ ಒಂದೂ ಪಾಸಿಲ್ವಾ? ಅಳತೆ ತಪ್ಪಿದ್ಯಾ?"

"ಅಳತಿ ಬರಾಬರಿ ಐತ್ರಿ ಸಾರ್."

"ಮತ್ತೆ?"

"ನೋಡಿದ್ರ ಸಮಾಧಾನ ಆಗವಲ್ದು."

ಕೃಷ್ಣಪ್ಪನವರು ಷರಾ ಎಂದಿದ್ದ ಜಾಗದಲ್ಲಿ ಕಣ್ಣಾಡಿಸಿದರು. ಪ್ರತಿ ಹಾಳೆಯಲ್ಲೂ ಮುರಿಗೆಪ್ಪನ ದುಂಡು ಅಕ್ಷರದಲ್ಲಿ 'ಅಳತೆ ಸರಿ. ಆದರೆ ಏನು ಪ್ರಯೋಜನ' ಎಂದು ಬರೆದಿತ್ತು. ಅವರು ಬೈಯಲಿಲ್ಲ. ಅವರ ಅಕ್ಕನಿಗೂ ಒಮ್ಮೆ ಹೀಗೇ ಆಗಿತ್ತು. ಒಂದು ಚೀಟಿಯಲ್ಲಿ ಊರೊಳಗಿನ ಮನೋವೈದ್ಯೆಯೊಬ್ಬರ ವಿಳಾಸ ಬರೆದುಕೊಟ್ಟು, ರಜೆ ಹಾಕಿಸಿ ಕಳಿಸಿದರು.

ವೈದ್ಯೆಯ ಹೆಸರು ನಿವೇದಿತಾ, ಚಿಕ್ಕ ವಯಸ್ಸು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೇಳಿದ್ದನ್ನು, ಹೋಳಿಗೆಯ ಲೆಕ್ಕವನ್ನೂ ಬಿಡದೆ, ತಾಳ್ಮೆಯಿಂದ ಕೇಳಿದರು.

"ಇದು ಖಿನ್ನತೆ ಅನ್ನೋ ಕಾಯಿಲೆ. ವಾಸಿಯಾಗತ್ತೆ," ಎಂದರು. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಇದರಲ್ಲಿ ಕಂಡಿದ್ದು ಮಾತ್ರ ಅಲ್ಲ, ನಿನ್ನೆ ಮೊನ್ನೆನೂ ಹಳದಿಯಾಗತ್ತೆ. ಇವತ್ತಿನ ಬಣ್ಣಾನ ಮನಸ್ಸು ಹಿಂದಿನದಕ್ಕೆಲ್ಲ ಬಳಿದುಬಿಡತ್ತೆ. ಶಿವಗಂಗಾ ಅವರೇ, ನೀವು ಇನ್ನು ವಾದ ಮಾಡಬೇಡಿ. ಸಾಕ್ಷಿಗಳನ್ನೂ ಕರೀಬೇಡಿ."

ಮಾತ್ರೆ ಬರೆದುಕೊಟ್ಟರು. ಮುರಿಗೆಪ್ಪನಿಗೆ ಒಂದು ಕೆಲಸವನ್ನೂ ಹೇಳಿದರು: ದಿನಾ ಸಂಜೆ, ಆ ದಿನ ಹೇಗಿತ್ತೆಂದು ಹತ್ತಕ್ಕೆ ಇಷ್ಟು ಅಂತ, ಕಾರಣದ ಸಮೇತ, ಒಂದು ಪುಸ್ತಕದಲ್ಲಿ ಬರೆದು ಸಹಿ ಮಾಡುವುದು.

ಎರಡು ವಾರದ ನಂತರ ಮತ್ತೆ ಹೋದಾಗ ಅವರು ಕೇಳಿದರು, "ಹೇಗಿತ್ತು ಎರಡು ವಾರ?"

"ಪೂರಾ ಸೊನ್ನಿರಿ. ಒಂದ್ ದಿನಾನೂ ಬಿಡದಂಗ ಸೊನ್ನಿ."

ನಿವೇದಿತಾ ಪುಸ್ತಕ ತೆರೆದು ಓದಿದರು. "ಮಂಗಳವಾರ, ನಾಲ್ಕು. 'ಬಸ್ಸಿನಲ್ಲಿ ಒಬ್ಬಾಕೆಯ ಬುಟ್ಟಿಯಿಂದ ಕೋಳಿ ತಪ್ಪಿಸಿಕೊಂಡು ಕಂಡಕ್ಟರನ ತಲೆ ಮೇಲೆ ಕುಳಿತಿತು. ಅದಕ್ಕೂ ಟಿಕೆಟ್ ತಗೊಳ್ಳಿ ಎಂದ.' ಇದು ಯಾರು ಬರೆದಿದ್ದು?"

ಮುರಿಗೆಪ್ಪ ಪುಸ್ತಕ ಇಸಿದುಕೊಂಡು ನೋಡಿದ. ಅಕ್ಷರ ತನ್ನದೇ, ಸಹಿಯೂ ತನ್ನದೇ. ಹೆಂಡತಿಯ ಮಾತನ್ನು, ಮನೆ ಮಾಲೀಕರ ಮಾತನ್ನು, ಟೇಪ್‌ರೆಕಾರ್ಡರನ್ನು ಕೂಡ ನಂಬದೆ ಇರಬಹುದು. ಸಹಿ ಹಾಕಿದ ರಿಪೋರ್ಟನ್ನು ಅವನು ಹದಿನಾಲ್ಕು ವರ್ಷದ ನೌಕರಿಯಲ್ಲಿ ಒಮ್ಮೆಯೂ ಅಲ್ಲಗಳೆದಿರಲಿಲ್ಲ. ಸಹಿಯ ಮೇಲೆ ಬೆರಳಾಡಿಸಿ ನೋಡಿದ.

"ನಾಕು ಇತ್ತು ಅಂತಾತು," ಎಂದ ಕೊನೆಗೆ. "ನನಗ ನೆನಪಿಲ್ಲ. ಆದ್ರ ಇದ್ದಿರಬೇಕು." ಶಿವಗಂಗಾ ಸೆರಗು ಬಾಯಿಗೊತ್ತಿಕೊಂಡಳು.

ಅಲ್ಲಿಂದ ಮುಂದೆ ಎಲ್ಲ ಸರಸರ ಸರಿಹೋಯಿತೆಂದೇನಲ್ಲ. ನಾಲ್ಕು ಒಂದಕ್ಕಿಳಿದದ್ದೂ ಉಂಟು, ಮಾತ್ರೆ ಬೇಡವೆಂದು ಮುಖ ತಿರುಗಿಸಿದ್ದೂ ಉಂಟು. ಏಪ್ರಿಲ್‌ನಲ್ಲಿ ನಿದ್ದೆ ಬಂತು. ಮೇನಲ್ಲಿ, ರೊಟ್ಟಿಗೆ ಉಪ್ಪು ಕಮ್ಮಿ ಎಂದು ಜಗಳ ತೆಗೆದ. ಶಿವಗಂಗಾ ಖುಷಿಯಿಂದ ಬೈಸಿಕೊಂಡಳು. ಜೂನ್ ಮೊದಲ ವಾರ, ಅವನು ಕೆಲಸಕ್ಕೆ ಮರಳಿದ ದಿನ, ಕಾರ್ಖಾನೆಯ ಅಂಗಳದಲ್ಲಿ ಗಾಳಿಗೆ ಕೃಷ್ಣಪ್ಪನವರ ಕೊಡೆ ಮಗುಚಿ, ಅವರು ಅದನ್ನು ಸರಿಮಾಡಲು ಹೋಗಿ ಅದರ ಜೊತೆಗೇ ಎರಡು ಸುತ್ತು ತಿರುಗಿದರು. ಗೇಟಿನ ವಾಚ್‌ಮನ್ ಥಟ್ಟನೆ ತಿರುಗಿ ನೋಡಿದ.

ಆಗಸ್ಟ್‌ನಲ್ಲಿ ನಿವೇದಿತಾ ಅವರ ಹತ್ತಿರ ಹೋದಾಗ ಅವನು ಹುಡುಗನಂತೆ ಕಾಲು ಆಡಿಸುತ್ತ ಕುಳಿತಿದ್ದ.

"ಫೆಬ್ರವರಿ ತಿಂಗಳು ನೆನಪಿದೆಯಾ? ಆವಾಗ ಹೇಗಿದ್ರಿ?"

"ಆರಾಮ ಇದ್ನಿರಿ. ಸ್ವಲ್ಪ ಗ್ಯಾಸ್ ಆಗಿತ್ತು, ಅಷ್ಟ."

"ಗ್ಯಾಸ್!" ಶಿವಗಂಗಾ ಕುರ್ಚಿಯಿಂದ ಎದ್ದೇಬಿಟ್ಟಳು. "ನಾಕ್ ತಿಂಗಳು ಈ ಮನಿಶ್ಯಾ ಗ್ವಾಡಿ ನೋಡಿದ್ದು ಗ್ಯಾಸಂತ, ಡಾಕ್ಟರ್ರಿ!"

ನಿವೇದಿತಾ ನಕ್ಕರು. "ಇದೂ ಹಾಗೇನೇ ಅಮ್ಮ. ಚೆನ್ನಾಗಿರೋ ಮನಸ್ಸು ಹಿಂದಿನದಕ್ಕೆ ಸುಣ್ಣ ಹೊಡೆದುಬಿಡತ್ತೆ. ಇದು ಕಾಯಿಲೆ ಅಲ್ಲ, ನಮಗೆಲ್ಲ ಇರೋದೇ."

"ಇವರು ಮರೆತ್ರ ಮರೀಲಿ," ಎಂದಳು ಶಿವಗಂಗಾ. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರ ನಾ ಪಟ್ಟದ್ದು ಯಾರ ನೆನಪಿನ್ಯಾಗ ಇರ್ಬೇಕ್ರಿ?"

ಮುರಿಗೆಪ್ಪನ ಕಾಲಾಟ ನಿಂತಿತು. ಇದನ್ನು ಅವನು ಯೋಚಿಸಿಯೇ ಇರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿ, "ಹೇಳು," ಎಂದ. "ಏನೇನಾತು, ಮೊದಲಿಂದ ಹೇಳು. ನಾ ಕೇಳ್ತೀನಿ."

ಅವಳು ಸಂಕ್ರಾಂತಿಯಿಂದ ಶುರುಮಾಡಿದಳು. ಆರಿದ ಹಂಡೆಯ ನೀರು, ಒಬ್ಬಳೇ ಅತ್ತದ್ದು, ತವರಿಗೆ ಪತ್ರ ಬರೆದು ಹರಿದದ್ದು. ಯಶವಂತಪುರ ದಾಟುವಷ್ಟರಲ್ಲಿ ಹಿಂದಿನ ಸೀಟಿನ ಹೆಂಗಸು ಮುಂದಕ್ಕೆ ಬಾಗಿದ್ದಳು. ಗೊರಗುಂಟೆಪಾಳ್ಯದಲ್ಲಿ, ಇಳಿಯಬೇಕಿದ್ದ ಒಬ್ಬ ಮುದುಕ ಇಳಿಯದೆ "ಆಮ್ಯಾಕೇನಾಯ್ತವ್ವಾ?" ಎಂದು ಕೇಳಿದ. ಮುರಿಗೆಪ್ಪ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. "ಅದು ನಾನಲ್ಲ" ಎನ್ನಲಿಲ್ಲ, "ಅಷ್ಟೇನಿಲ್ಲ ಬಿಡು" ಎನ್ನಲಿಲ್ಲ. ಪತ್ರದ ಮಾತು ಬಂದಾಗ ಅವಳ ಕೈ ಹಿಡಿದುಕೊಂಡ. ಬಸ್ಸಿನಲ್ಲಿ ಜನರೆದುರು ಅವನು ಹಾಗೆ ಮಾಡಿದ್ದು ಅದೇ ಮೊದಲು.

ಎಂಟನೇ ಮೈಲಿ ಬಂದಾಗ ಕಥೆ ಇನ್ನೂ ಮಾರ್ಚಿನಲ್ಲಿತ್ತು. ಇಳಿದು ನಿಂತವರಿಗೆ ಕಿಟಕಿಯಿಂದ ಆ ಮುದುಕ, "ಕೊನೀಗೆ ಉಸಾರಾದ್ನಾ ಇಲ್ವಾ ನಿನ್ ಗಂಡ?" ಎಂದು ಕೂಗಿದ.

ಶಿವಗಂಗಾ ಪಕ್ಕದಲ್ಲಿದ್ದವನನ್ನು ಬೆರಳು ಮಾಡಿ ತೋರಿಸಿದಳು. ಮುರಿಗೆಪ್ಪ ಮುದುಕನಿಗೆ ಕೈಮುಗಿದ. ಬಸ್ಸು ಹೊರಟಿತು. ಇಬ್ಬರೂ ಬಾಗಲಗುಂಟೆಯ ದಾರಿ ಹಿಡಿದರು, ಅವಳು ಏಪ್ರಿಲ್ ಶುರುಮಾಡಿದಳು.