ಕುರಿಗೂ ಚಾಕು ತೋರಿಸದ ಮನುಷ್ಯ

ಔರಾದ ತಾಲೂಕಿನ ಎಕಂಬಾದಲ್ಲಿ ಕುರಿ ಕೊಯ್ಯಬೇಕಾದರೆ ಮುಲ್ಲಾ ಖಾಜಾ ಮಿಯಾ ಬರಲೇಬೇಕು. ಕುರಿ ಸಾಕುವ ಮಡೆಪ್ಪನ ಮನೆಯ ಕಾರ್ಯವಾದರೂ ಅಷ್ಟೇ. ಅವರು ಬಿಸ್ಮಿಲ್ಲಾ ಅಂದು ಚಾಕು ಹಾಕದ ಹೊರತು ತುಂಡು ಅವನ ಗಂಟಲಲ್ಲಿ ಇಳಿಯದು. ಅಜ್ಜ ಮುತ್ತಜ್ಜನ ಕಾಲದಿಂದ ಬಂದ ಈ ರೂಢಿಗೆ ಕಾರಣವೇನೆಂದು ಕೇಳಿದರೆ ಮಡೆಪ್ಪ ನಗುತ್ತಾನೆ. ಎಲ್ಲದಕ್ಕೂ ಕಾರಣ ಕೇಳುತ್ತ ಕೂತರೆ ಸಾರು ಆರಿಹೋಗುತ್ತದೆ.

ಖಾಜಾ ಮಿಯಾರ ಒಬ್ಬನೇ ಮಗ ಒವೈಸನಿಗೆ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಕೆಲಸ. ಅಲ್ಲಿ ಒಮ್ಮೆ ಮಾಲು ಕಳುವಾದಾಗ ಇಪ್ಪತ್ತು ಜನರಲ್ಲಿ ಇವನೊಬ್ಬನ ಚೀಲವನ್ನಷ್ಟೇ ಸುರಿದು ನೋಡಿದರು. ಏನೂ ಸಿಗಲಿಲ್ಲ, ತಪ್ಪಾಯಿತು ಎಂದವರೂ ಇಲ್ಲ. ಆ ಅವಮಾನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅದನ್ನು ಮೊದಲು ಗುರುತಿಸಿದವನು ಫೋನಿನಲ್ಲಿ ಪರಿಚಯವಾದ ಒಬ್ಬ ‘ಉಸ್ತಾದ’. ಅವನು ಮುಳ್ಳು ತೆಗೆಯಲಿಲ್ಲ, ಇನ್ನಷ್ಟು ಒಳಗೆ ಒತ್ತಿದ. ಮೊದಮೊದಲು ಸಮಾಧಾನದ ಮಾತು, ಆಮೇಲೆ ದೂರದ ಯುದ್ಧಗಳಲ್ಲಿ ಸತ್ತ ಮಕ್ಕಳ ವಿಡಿಯೊ, ಆಮೇಲೆ ಹಳೆಯ ಗೆಳೆಯರನ್ನು ಬಿಡು ಎಂಬ ಬುದ್ಧಿವಾದ, ಕೊನೆಗೆ ಶುಕ್ರವಾರ ಹೈದರಾಬಾದಿಗೆ ಬಾ, ಯಾರಿಗೂ ಹೇಳಬೇಡ ಎಂಬ ಹುಕುಂ. ಹೋದವರು ತಿರುಗಿ ಬರುವ ದಾರಿಯಲ್ಲ ಅದೆಂದು ಒವೈಸನಿಗೆ ಗೊತ್ತಿತ್ತು.

ಅಪ್ಪನ ಮುಖ ಒಮ್ಮೆ ನೋಡಿ ಹೋಗೋಣವೆಂದು ಗುರುವಾರ ಬೆಳಿಗ್ಗೆ ಊರಿಗೆ ಬಂದ. ಖಾಜಾ ಮಿಯಾ ಕುರಿ ಕೊಯ್ಯಲು ಮಡೆಪ್ಪನ ಮನೆಗೆ ಹೊರಟಿದ್ದರು. ಮಗ ಬಾಗಿಲಿಗೆ ಅಡ್ಡ ನಿಂತ.

“ಕಾಫಿರರ ಮನಿಗಿ ಹೋಗಬ್ಯಾಡ ಅಬ್ಬಾ. ಆ ದುಡಿಮಿ ಹರಾಮ ಅದ.”

ಬೇರೆ ಅಪ್ಪನಾಗಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದ. ಈ ಕತೆ ಹೇಳುತ್ತಿರುವ ನಾನಾಗಿದ್ದರೂ ಅಷ್ಟೇ. ಖಾಜಾ ಮಿಯಾ ಹೆಗಲಿನ ಚೀಲ ಇಳಿಸಿ ಚಾಪೆಯ ಮೇಲೆ ಕೂತರು.

“ಯಾರು ಕಲಿಸ್ಯಾರ ಇದು? ತೋರಸು, ನಾನೂ ನೋಡ್ತೇನಿ.”

ಮಗ ಫೋನು ಮುಂದೆ ಹಿಡಿದ. ಕನ್ನಡಕ ಹಾಕಿಕೊಂಡು ಉಸ್ತಾದ ಕಳಿಸಿದ ವಿಡಿಯೊಗಳನ್ನು ಒಂದು ತಾಸು ನೋಡಿದರು. ಸತ್ತ ಮಕ್ಕಳನ್ನು ಕಂಡು ಅತ್ತೇಬಿಟ್ಟರು. ಒವೈಸ ಗೋದಾಮಿನ ಸಂಗತಿಯನ್ನೂ ಹೇಳಿದ.

“ಅದೂ ಜುಲುಮನೇ. ನನಗ ಯಾಕ ಹೇಳಲಿಲ್ಲೋ ಬೇಟಾ?”

ಅಪ್ಪ ತನ್ನ ಪರವಾಗಿ ಮಾತಾಡಬಹುದೆಂದು ಹುಡುಗನಿಗೆ ಹೊಳೆದೇ ಇರಲಿಲ್ಲ.

ಕೊನೆಯ ವಿಡಿಯೊದಲ್ಲಿ ಕೈ ಕಟ್ಟಿಸಿಕೊಂಡು ಮಂಡಿಯೂರಿದ ಒಬ್ಬ ಮನುಷ್ಯ, ಅವನ ಮುಂದೆ ಚಾಕು ಝಳಪಿಸುವ ಇನ್ನೊಬ್ಬ. ಖಾಜಾ ಮಿಯಾ ಅದನ್ನು ಮುಂದೆ ಓಡಲು ಬಿಡಲಿಲ್ಲ.

“ನಲವತ್ತು ವರ್ಷ ಆಯ್ತು ನಾ ಈ ಕೆಲಸ ಮಾಡ್ಲಿಕತ್ತು. ಮೊದಲ ಕುರಿಗಿ ನೀರು ಕುಡಸ್ತೇನಿ. ಚಾಕು ಅದರ ಕಣ್ಣಿಗಿ ಬೀಳಬಾರದಂತ ಮುಚ್ಚಕೊಂಡು ಒಯ್ತೇನಿ. ಅದರ ಮುಂದ ಚಾಕು ಮಸಿಯಂಗಿಲ್ಲ, ಒಂದರ ಮುಂದ ಇನ್ನೊಂದು ಕೊಯ್ಯಂಗಿಲ್ಲ. ಇದು ನನ್ನ ಬುದ್ಧಿ ಅಲ್ಲ, ನಮ್ಮ ದೀನ, ನಮ್ಮ ಧರ್ಮ ಕಲಿಸಿದ್ದು. ಕುರಿ ಸುದ್ದಾ ಅಂಜಬಾರದು ಅಂದ ದೀನದ ಹೆಸರಿಲೆ ಇಂವ ಮನಷ್ಯಾಗ ಚಾಕು ತೋರಸ್ಲಿಕತ್ಯಾನ. ಇಂವ ಎಲ್ಲಿ ಉಸ್ತಾದೋ?”

ಒವೈಸ ಪರದೆಯ ಮೇಲೆ ಮಂಡಿಯೂರಿದವನನ್ನು ಮತ್ತೆ ನೋಡಿದ. ಬಿಕ್ಕಿ ಬಿಕ್ಕಿ ಅತ್ತ. ನಾಳೆಯ ಹೈದರಾಬಾದಿನ ವಿಷಯ ಹೇಳಿದ. ತನ್ನಂತೆಯೇ ಇನ್ನೂ ಮೂವರು ಹುಡುಗರು ಹೊರಟಿದ್ದಾರೆಂದೂ ಹೇಳಿದ.

ಇಂಥ ಗುಟ್ಟನ್ನು ಮನೆಯೊಳಗೇ ಮುಚ್ಚಿಡುವವರು ಹೆಚ್ಚು. ಖಾಜಾ ಮಿಯಾ ಮಗನ ಕೈ ಹಿಡಿದು ನೇರ ಮಡೆಪ್ಪನ ಅಂಗಳಕ್ಕೆ ನಡೆದು ಎಲ್ಲವನ್ನೂ ಹೇಳಿದರು, ಕಾಫಿರ ಅಂದದ್ದನ್ನೂ ಬಿಡದೆ. ಮಡೆಪ್ಪ ಎದ್ದು ತಲೆಗೆ ಪಟಕಾ ಸುತ್ತಿಕೊಂಡ.

“ನಡೀರಿ ಮುಲ್ಲಾಸಾಬ, ಔರಾದ ಠಾಣಾಕ್ಕ ನಾನೂ ಬರ್ತೇನಿ. ಇವಗ ಬೈಯೋದು ತಿರುಗಿ ಬಂದ ಮ್ಯಾಲ ಬೈತೇನಿ.”

ಠಾಣೆಯಲ್ಲಿ ಒವೈಸನನ್ನು ಎರಡು ಭಯ ಹಿಡಿದವು. ಜೈಲಿನ ಭಯ ಒಂದು, ಜೊತೆಗಾರರ ಹೆಸರು ಹೇಳಿದರೆ ದ್ರೋಹವಾಗುತ್ತದೆಂಬ ಭಯ ಇನ್ನೊಂದು. ಫೋನನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತ. ಸಾಹೇಬರು ಕೇಳಿ ಕೇಳಿ ಸಾಕಾಗಿ ಖಾಜಾ ಮಿಯಾರ ಕಡೆ ತಿರುಗಿದರು.

“ವಿಚಾರ ಮಾಡಿ ಬಂದೀರೇನು? ಕೇಸ ಆದ್ರ ನಿಮ್ಮ ಮಗನೇ ಒಳಗ ಹೋಗಬಹುದು.”

“ಹೋಗಲಿ ಸಾಹೇಬ್ರ. ಒಳಗಿದ್ರೂ ಜೀವಂತ ಇರ್ತಾನ, ಬುತ್ತಿ ಕಟಗೊಂಡು ಬಂದು ನೋಡ್ತೇನಿ. ಆ ಮೂರು ಹುಡುಗರ ಅಪ್ಪಂದ್ರಿಗಿ ಇನ್ನಾ ಏನೂ ಗೊತ್ತಿಲ್ಲರಿ.”

ಮಡೆಪ್ಪ ಪಟಕಾದ ಸೆರಗಿನಿಂದ ಕಣ್ಣೊರೆಸಿಕೊಂಡ. ಒವೈಸ ಅಪ್ಪನನ್ನೇ ನೋಡಿದ. ಇಷ್ಟು ದಿನ ಶೂರರೆಂದು ಫೋನಿನಲ್ಲಿ ಕಂಡವರಲ್ಲಿ ಒಬ್ಬನಿಗೂ ಈ ಎದೆಗಾರಿಕೆ ಇರಲಿಲ್ಲ. ಎದ್ದು, ಲಾಕು ತೆಗೆದು, ಫೋನನ್ನು ಮೇಜಿನ ಮೇಲಿಟ್ಟ.

“ಮೂರೂ ಹೆಸರು ಬರಕೋರ್ರಿ ಸಾಹೇಬ್ರ. ಒಬ್ಬಂವ ಭಾಲ್ಕಿಯಂವ. ಜಲ್ದಿ ಮಾಡ್ರಿ, ಹೊತ್ತು ಮುಳಗೂದ್ರಾಗ ಹೈದರಾಬಾದ ಬಸ್ ಹತ್ತತಾನ.”